ಹದಿಹರೆಯದ ಹುಡುಗನ ಸಂಸಾರದ ಸಿನಿಮಾ: ರಿಲೀಸ್‌ಗೆ ಮೊದಲು ಜನ ನಿಜವಾಗಿ ಏನಂತಾರೆ ಅಂತ ತಿಳಿಯೋದು ಹೇಗೆ?

ನಾಲೆಏರಿ:

ನಮಸ್ಕಾರ. ಎಡಿಟಿಂಗ್ ಹಂತದಲ್ಲಿರೋ ಸಿನಿಮಾ, ಸದ್ಯಕ್ಕೆ 2 ಗಂಟೆ 16 ನಿಮಿಷ ಇದೆ. ಪಾಂಡವಪುರದ ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನ ಹಾಸ್ಟೆಲ್ ಸೇರೋ ಹುಡುಗ, ಅವನ ಪಿಯುಸಿಯ ಎರಡು ವರ್ಷ. ಮನೇಲಿ ಕಬ್ಬು ಹಾಕಿರೋ ಅಪ್ಪ, ಅವ್ವ, ಮದುವೆ ವಯಸ್ಸಿಗೆ ಬಂದಿರೋ ಅಕ್ಕ, ಅಜ್ಜಿ. ಫೈಟ್ ಇಲ್ಲ. ಹಾಡು ಎರಡೇ, ಅವೂ ಹಿನ್ನೆಲೆಯಲ್ಲಿ ಹೋಗುತ್ವೆ. ಹುಡುಗ ಊರಿಗೆ ವಾಪಸ್ ಬರ್ತಾನೋ ಇಲ್ವೋ ಅನ್ನೋದನ್ನ ಕೊನೇಲಿ ಬಿಡಿಸಿ ಹೇಳಿಲ್ಲ.

ಪರಿಚಯದ ಹದಿನೈದು ಜನಕ್ಕೆ ಲ್ಯಾಪ್‌ಟಾಪಲ್ಲಿ ತೋರಿಸಿದ್ದಾಗಿದೆ. ಬಂದ ಉತ್ತರ ಎರಡೇ ಎರಡು: "ಚೆನ್ನಾಗಿದೆ", "ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು". ಇದನ್ನ ಇಟ್ಕೊಂಡು ಎಲ್ಲಿ ಕತ್ತರಿ ಹಾಕೋದು?

ಮೈಸೂರಲ್ಲೋ ಮಂಡ್ಯದಲ್ಲೋ ಗುರುತಿಲ್ಲದ ಜನಕ್ಕೆ ಒಂದು ಪ್ರಿವ್ಯೂ ಮಾಡಬೇಕು ಅಂತಿದೆ. ಎಷ್ಟು ಜನ ಬೇಕು, ಎಂಥವರು ಬೇಕು, ಏನು ಕೇಳಬೇಕು? ಅಪ್ಪಂದಿರು ಒಂದು ಹೇಳಿ ಮಕ್ಕಳು ಇನ್ನೊಂದು ಹೇಳಿದ್ರೆ ಯಾರ ಮಾತು ತಗೊಳ್ಳೋದು? ತಿಳಿದವರು ಸ್ವಲ್ಪ ಬಿಡಿಸಿ ಬರೀರಿ.

ಬಾಲ್ಕನಿ ಎಂಟನೇ ಸಾಲು:

ಆ ಹದಿನೈದು ಜನರ ಮಾತನ್ನ ಮೊದಲು ಪಕ್ಕಕ್ಕಿಡಿ. ಗುರುತಿರೋರು ಸಿನಿಮಾ ನೋಡಲ್ಲ, ನಿಮ್ಮ ಮುಖ ನೋಡ್ತಾರೆ. ಲ್ಯಾಪ್‌ಟಾಪಲ್ಲಿ ನೋಡಿದ್ದು ಅದಕ್ಕಿಂತ ಕೆಟ್ಟದ್ದು. ಸಂಸಾರದ ಚಿತ್ರದಲ್ಲಿ ನಗು, ಅಳು ಎರಡೂ ಪಕ್ಕದ ಸೀಟಿನಿಂದ ಅಂಟಿಕೊಂಡು ಬರೋವು. ಒಬ್ಬನೇ ಕೂತು ನೋಡಿದವನಿಗೆ ಅದು ಸಿಗೋದೇ ಇಲ್ಲ.

ಒಂದಲ್ಲ, ಎರಡು ಪ್ರಿವ್ಯೂ ಇಟ್ಕೊಳ್ಳಿ. ಒಂದು ಮಂಡ್ಯ, ಒಂದು ಮೈಸೂರು. ನಡುವೆ ಎರಡು ವಾರ ಇರಲಿ. ಮೊದಲನೇದರಲ್ಲಿ ಸಿಕ್ಕಿದ್ದನ್ನ ತಿದ್ದಿ, ಎರಡನೇದರಲ್ಲಿ ಹೊಸ ಜನಕ್ಕೆ ತೋರಿಸಬೇಕು. ಒಂದು ಸಲ ನೋಡಿದವರನ್ನ ಮತ್ತೆ ಕೂರಿಸಬೇಡಿ, ಅವರಿಗೆ ಕಥೆ ಗೊತ್ತು, ಎಲ್ಲ ಬೇಗ ಬೇಗ ಹೋದಂಗೆ ಕಾಣುತ್ತೆ. ಒಂದೊಂದಕ್ಕೂ 60ರಿಂದ 70 ಜನ ಸಾಕು. ಪುಕ್ಕಟೆ ಆಟಕ್ಕೆ ಕರೆದವರಲ್ಲಿ ಮೂರನೇ ಒಂದು ಭಾಗ ಬರೋದೇ ಇಲ್ಲ, ಹಾಗಾಗಿ 95 ಜನಕ್ಕೆ ಹೇಳಿ. ಸೆನ್ಸಾರ್ ಪ್ರಮಾಣಪತ್ರ ಆಗದ ಚಿತ್ರಕ್ಕೆ ಟಿಕೆಟ್ ಮಾರೋ ಹಾಗಿಲ್ಲ, ಪೇಪರಲ್ಲಿ ಹಾಕಿ ಸಾರ್ವಜನಿಕರನ್ನ ಕರೆಯೋ ಹಾಗೂ ಇಲ್ಲ. ಇದು ಆಹ್ವಾನಿತರಿಗಷ್ಟೇ ಅಂತ ಚೀಟಿಯಲ್ಲೇ ಬರೀರಿ.

ಯಾರ್ಯಾರು ಅನ್ನೋದು ಮುಖ್ಯ. 16ರಿಂದ 19ರ ಹುಡುಗ ಹುಡುಗಿಯರು 20, ಆ ವಯಸ್ಸಿನ ಮಕ್ಕಳಿರೋ ತಂದೆ ತಾಯಿ 22, ಅರವತ್ತು ದಾಟಿದವರು ಎಂಟೋ ಹತ್ತೋ, ಉಳಿದವರು 22ರಿಂದ 30ರೊಳಗಿನವರು. ಈ ಕೊನೇ ಗುಂಪು ಅತ್ತ ಮಗನೂ ಅಲ್ಲ, ಇತ್ತ ಅಪ್ಪನೂ ಅಲ್ಲ, ಅದಕ್ಕೇ ಬೇಕು. ಪಿಯು ಮಕ್ಕಳಲ್ಲಿ ಅರ್ಧ ಜನರನ್ನ ಅಪ್ಪ ಅಮ್ಮನ ಪಕ್ಕ ಕೂರಿಸಿ, ಅರ್ಧ ಜನರನ್ನ ಗೆಳೆಯರ ಜೊತೆ ಬೇರೆ ಸಾಲಲ್ಲಿ ಕೂರಿಸಿ. ಸಿಗರೇಟಿನ ದೃಶ್ಯವೋ ಹುಡುಗಿಗೆ ಮೆಸೇಜ್ ಕಳಿಸೋ ದೃಶ್ಯವೋ ಬಂದಾಗ ಅಪ್ಪನ ಪಕ್ಕ ಕೂತವನು ಗೋಡೆ ನೋಡ್ತಾನೆ, ಗೆಳೆಯರ ಸಾಲು ಸಿಳ್ಳೆ ಹೊಡಿಯುತ್ತೆ. ಎರಡೂ ನಿಜವಾದ ಪ್ರತಿಕ್ರಿಯೆನೇ.

ಕರೆಯುವಾಗ ಕಥೆ ಹೇಳ್ಬೇಡಿ, ಹೆಸರೂ ಬೇಡ. "ಸಂಸಾರದ ಕಥೆ, ಎರಡೂಕಾಲು ಗಂಟೆ" ಇಷ್ಟೇ. "ಅವಾರ್ಡ್ ಥರದ ಸಿನಿಮಾ" ಅಂದಿರೋ, ಮುಗೀತು, ಅರ್ಧ ಹಾಲ್ ಮರ್ಯಾದೆಗೆ ಕೂರುತ್ತೆ, ಇನ್ನರ್ಧ ಆಕಳಿಸೋಕೆ ತಯಾರಾಗಿ ಬರುತ್ತೆ. ನಿರ್ದೇಶಕರು ಮೈಕ್ ಹಿಡಿದು ಶುರುವಿನಲ್ಲಿ ಮಾತಾಡೋದೂ ಬೇಡ. ಆಮೇಲೆ ಬೈಯೋಕೆ ಜನಕ್ಕೆ ನಾಲಿಗೆ ಬರಲ್ಲ.

ಹೊತ್ತು: ಭಾನುವಾರ ಬೆಳಗ್ಗೆ 10. ಮಧ್ಯಾಹ್ನ 2ಕ್ಕೆ ಮಾತ್ರ ಇಡ್ಬೇಡಿ. ಬಾಡೂಟ ಮುಗಿಸಿ ಬಂದವರಿಗೆ ಯಾವ ಸಿನಿಮಾನೂ ಲ್ಯಾಗೇ.

ಇನ್ನು ಪ್ರಶ್ನೆಪತ್ರ. ಒಂದೇ ಹಾಳೆ, ಎರಡು ಮಗ್ಗುಲು, ಅಕ್ಷರ ದಪ್ಪ ಇರಲಿ. ಕನ್ನಡಕ ಮರೆತು ಬಂದ ಅಮ್ಮಂದಿರು ಸಣ್ಣಕ್ಷರ ಕಂಡರೆ ಪಕ್ಕದವರದ್ದನ್ನೇ ನಕಲು ಮಾಡ್ತಾರೆ. ಹೆಸರು ಬೇಡ. ವಯಸ್ಸು, ಗಂಡೋ ಹೆಣ್ಣೋ, ಊರು, ಯಾರ ಜೊತೆ ಬಂದಿರಿ, ಇಷ್ಟು ಸಾಕು. ಚಿತ್ರ ಮುಗಿದ ತಕ್ಷಣ ದೀಪ ಪೂರ್ತಿ ಹಾಕಿ ಹಾಳೆ ಕೊಡಿ. ಕೊನೆಯ ಹೆಸರುಪಟ್ಟಿ ಓಡಿಸೋಕೆ ಹೋದ್ರೆ 15 ಜನ ಆಚೆ ಹೋಗಿರ್ತಾರೆ, ಆ ಹೋದವರೇ ನಿಮಗೆ ಬೇಕಾದವರು.

ಮೊದಲ ಪ್ರಶ್ನೆ ಒಟ್ಟಾರೆ ಹೇಗಿತ್ತು ಅನ್ನೋದು, ಐದು ಮೆಟ್ಟಿಲು: ಅದ್ಭುತ, ತುಂಬ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಇಷ್ಟವಾಗಲಿಲ್ಲ. ಎಣಿಸಬೇಕಾದ್ದು ಮೇಲಿನ ಎರಡನ್ನ ಮಾತ್ರ. ನಮ್ಮ ಕಡೆ "ಚೆನ್ನಾಗಿದೆ" ಅನ್ನೋದು ಕಾಫಿ ಕೊಟ್ಟವರಿಗೆ ಹೇಳೋ ಮಾತು, ಅದಕ್ಕೆ ತೂಕ ಇಲ್ಲ. "ಪರವಾಗಿಲ್ಲ" ಅನ್ನೋ ಪದವನ್ನ ಹಾಳೆಯಲ್ಲಿ ಎಲ್ಲೂ ಹಾಕ್ಬೇಡಿ. ಒಬ್ಬರಿಗೆ ಅದು ಹೊಗಳಿಕೆ, ಇನ್ನೊಬ್ಬರಿಗೆ ತಿರಸ್ಕಾರ.

ಎರಡನೇದು: "ಈ ಸಿನಿಮಾ ನೋಡಿ ಅಂತ ಯಾರಿಗೆ ಹೇಳ್ತೀರಿ? ಯಾರಿಗೆ ಹೇಳಲ್ಲ?" ಎರಡನೇ ಅರ್ಧದಲ್ಲೇ ಹೂರಣ ಇರೋದು. ತಾಯಂದಿರು "ಮಗನಿಗೆ ಹೇಳ್ತೀನಿ, ಯಜಮಾನರಿಗೆ ಹೇಳಲ್ಲ" ಅಂತ ಬರೆದರೆ ನಿಮ್ಮ ಅಪ್ಪನ ಪಾತ್ರದಲ್ಲಿ ಏನೋ ಚುಚ್ಚಿದೆ ಅಂತ.

ಮೂರನೇದು: "ಪಕ್ಕದ ಮನೆಯವರಿಗೆ ಕಥೆಯನ್ನ ಎರಡು ಸಾಲಲ್ಲಿ ಹೇಳಿ." ಹುಡುಗನ ಕಥೆ ಅಂದ್ಕೊಂಡು ನೀವು ಮಾಡಿರ್ತೀರಿ, ಇಪ್ಪತ್ತು ಹಾಳೆಯಲ್ಲಿ "ಒಬ್ಬ ರೈತನ ಕಥೆ" ಅಂತ ಬಂದಿರುತ್ತೆ. ಅದು ತಪ್ಪಲ್ಲ, ಆದರೆ ಪೋಸ್ಟರ್ ಮೇಲೆ ಯಾರ ಮುಖ ಅನ್ನೋದು ಅಲ್ಲೇ ತೀರ್ಮಾನ ಆಯ್ತು.

ಆಮೇಲೆ ಹನ್ನೆರಡು ದೃಶ್ಯಗಳ ಹೆಸರನ್ನ ಕ್ರಮವಾಗಿ ಕೊಟ್ಟು, ಬೇಜಾರಾದ ಕಡೆ ಗೀಟು, ಗೊಂದಲ ಆದ ಕಡೆ ಪ್ರಶ್ನೆ ಚಿಹ್ನೆ ಹಾಕೋಕೆ ಹೇಳಿ. ಕೊನೆಯ ಪ್ರಶ್ನೆ "ಅಂತ್ಯ ಇಷ್ಟವಾಯ್ತಾ" ಅಂತ ಅಲ್ಲ, "ಕೊನೆಯಲ್ಲಿ ಹುಡುಗ ಏನು ತೀರ್ಮಾನ ಮಾಡಿದ?" ಅಂತ. ಬಿಡಿಸಿ ಹೇಳಿಲ್ಲ ಅಂತೀರಲ್ಲ, ಜನ ಎರಡು ಪಂಗಡ ಆಗಿ ಖಚಿತವಾಗಿ ಉತ್ತರ ಬರೆದರೆ ಅಂತ್ಯ ಗೆದ್ದಿದೆ. "ಗೊತ್ತಾಗಲಿಲ್ಲ" ಅಂತ ಮೂವತ್ತು ಜನ ಬರೆದರೆ ಅದು ತೆರೆದ ಅಂತ್ಯ ಅಲ್ಲ, ಅರ್ಧಕ್ಕೆ ನಿಂತ ರೀಲು.

ಕಟ್ಟಿಂಗ್ ಟೇಬಲ್:

ಮೇಲಿನವರು ಹಾಳೆ ಬಗ್ಗೆ ಹೇಳಿದ್ದು ಸರಿ. ಆದರೆ ಹಾಳೆ ಬರೋದು ಎರಡೂಕಾಲು ಗಂಟೆ ಆದಮೇಲೆ. ಅಷ್ಟರಲ್ಲಿ ಮೈ ಎಲ್ಲ ಹೇಳಿಬಿಟ್ಟಿರುತ್ತೆ. ಅದನ್ನ ಬರೆದುಕೊಳ್ಳೋರು ಬೇಕು.

ಪಕ್ಕದ ಗೋಡೆಗೆ ಒರಗಿ, ಪರದೆ ಬಿಟ್ಟು ಜನರ ಕಡೆ ತಿರುಗಿ ಕೂರೋಕೆ ಇಬ್ಬರು ಸಾಕು, ಎಡಕ್ಕೊಬ್ಬ ಬಲಕ್ಕೊಬ್ಬ. ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ ಇಬ್ಬರೂ ಸ್ಟಾಪ್‌ವಾಚ್ ಒತ್ತಬೇಕು. ಗುರುತು ಐದೇ ಇರಲಿ: ನಗು, ಕೆಮ್ಮು, ಮೊಬೈಲ್ ಬೆಳಕು, ಎದ್ದು ಹೋದವರು, ಪಕ್ಕದವರ ಜೊತೆ ಮಾತು. ಎದುರಿಗೆ ನಿಮಿಷ, ಸೆಕೆಂಡು. ಜೊತೆಗೆ ಹಾಲ್ ನಡುವೆ ಒಂದು ರೆಕಾರ್ಡರ್ ಇಟ್ಟು, ಆ ಧ್ವನಿಯನ್ನ ಟೈಮ್‌ಲೈನಲ್ಲಿ ಸಿನಿಮಾ ಕೆಳಗೆ ಒಂದು ಟ್ರ್ಯಾಕ್ ಆಗಿ ಹಾಕಿ. ರೆಕಾರ್ಡ್ ಮಾಡ್ತೀವಿ ಅಂತ ಚೀಟಿಯಲ್ಲಿ ಹೇಳಿರಬೇಕು. ಎಲ್ಲಿ ಮೌನ ಇದೆ, ಎಲ್ಲಿ ಕುರ್ಚಿ ಕಿರ್ರನ್ನುತ್ತೆ ಅಂತ ಕಿವಿಯಲ್ಲೇ ಗೊತ್ತಾಗುತ್ತೆ. ಅಳುವ ದೃಶ್ಯದಲ್ಲಿ ಕೆಮ್ಮು ನಿಂತಿದ್ದರೆ ದೃಶ್ಯ ಹಿಡಿದಿದೆ. ಅಲ್ಲೇ ನಾಲ್ಕು ಕಡೆ ಕೆಮ್ಮಿದರೆ ಹಿಡಿದಿಲ್ಲ. ಹಾಳೆಯಲ್ಲಿ ಅದೇ ಜನ "ಅಮ್ಮನ ದೃಶ್ಯ ಚೆನ್ನಾಗಿತ್ತು" ಅಂತ ಬರೆದಿರ್ತಾರೆ, ಅಮ್ಮನನ್ನ ಚೆನ್ನಾಗಿಲ್ಲ ಅಂತ ಬರೆಯೋಕೆ ಯಾರಿಗೂ ಕೈ ಬರಲ್ಲ.

ಇನ್ನು ಈ "ಲ್ಯಾಗು". ಜನ ಬೇಜಾರಾದ ಜಾಗ ತೋರಿಸ್ತಾರೆ, ಬೇಜಾರಿಗೆ ಕಾರಣ ಇರೋ ಜಾಗ ತೋರಿಸಲ್ಲ. ಅದು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಹಿಂದೆ ಇರುತ್ತೆ. ಹುಡುಗನಿಗೆ ಏನು ಬೇಕು ಅನ್ನೋದು ಇಂಟರ್ವಲ್‌ಗೆ ಮೊದಲು ಗಟ್ಟಿಯಾಗಿ ಕೂತಿಲ್ಲ ಅಂದ್ರೆ, 85ನೇ ನಿಮಿಷದ ಹಾಸ್ಟೆಲ್ ದೃಶ್ಯ ಎಷ್ಟೇ ಚುರುಕಾಗಿದ್ರೂ ಎಳೆದಂಗೆ ಕಾಣುತ್ತೆ. ಅಲ್ಲಿ ಎರಡು ನಿಮಿಷ ಕತ್ತರಿಸಿದ್ರೆ ಇನ್ನೂ ಉದ್ದ ಅನ್ನಿಸುತ್ತೆ, ಯಾಕಂದ್ರೆ ಉಳಿದಿದ್ದ ಕಾರಣವನ್ನೂ ತೆಗೆದಿರ್ತೀರಿ. ಗೀಟು ಬಿದ್ದ ದೃಶ್ಯಕ್ಕೆ ಕೈ ಹಾಕೋ ಮೊದಲು ಅದರ ಹಿಂದಿನ ಮೂರು ದೃಶ್ಯಗಳನ್ನ ಬರೆದುಕೊಂಡು, ಪ್ರತಿಯೊಂದರ ಕೊನೆಗೂ ಹುಡುಗನಿಗೆ ಗೊತ್ತಿಲ್ಲದ ಏನು ಗೊತ್ತಾಯ್ತು ಅಂತ ಕೇಳ್ಕೊಳ್ಳಿ. ಏನೂ ಇಲ್ಲದ ದೃಶ್ಯ ಸಿಗುತ್ತೆ. ಹೋಗಬೇಕಾದ್ದು ಅದು.

ಈ ಬಗೆಯ ಚಿತ್ರಕ್ಕೆ ಬರೋ ದೂರುಗಳು ಹೆಚ್ಚುಕಡಿಮೆ ಒಂದೇ ಥರ. "ಹುಡುಗ ಏನೂ ಮಾಡಲ್ಲ, ಸುಮ್ನೆ ನೋಡ್ತಾ ನಿಂತಿರ್ತಾನೆ" ಅಂತ ಒಂದು. ಹುಡುಗನ ಮುಖದ ಕ್ಲೋಸಪ್ ಜಾಸ್ತಿ ಆಗಿ, ಅವನು ಕೈಯಾರೆ ಮಾಡಿದ ತಪ್ಪು ಒಂದೂ ಇಲ್ಲದಾಗ ಇದು ಬರುತ್ತೆ. ಒಂದು ಸುಳ್ಳು, ಒಂದು ಕದ್ದ ನೂರು ರೂಪಾಯಿ, ಅಷ್ಟು ಸಾಕು. ಮೊದಲ ಮುಕ್ಕಾಲು ಗಂಟೆಯೊಳಗೆ ಇರಬೇಕು. "ಅಪ್ಪ ಇದ್ದಕ್ಕಿದ್ದಂಗೆ ಒಳ್ಳೆಯವನಾಗಿಬಿಟ್ಟ" ಅನ್ನೋದು ಎರಡನೇದು. ಕ್ಲೈಮ್ಯಾಕ್ಸಲ್ಲಿ ಅಪ್ಪ ಮಗನ ತಲೆ ಸವರೋಕೆ ಮೊದಲು ಎರಡು ಕಡೆಯಾದ್ರೂ ಮಗನಿಗೆ ಕಾಣದಂಗೆ ಅಪ್ಪ ಒಬ್ಬನೇ ಇರೋ ಶಾಟ್ ಬೇಕು. ಶೂಟಿಂಗಲ್ಲಿ ತೆಗೆದಿರ್ತೀರಿ, ಉದ್ದ ಆಯ್ತು ಅಂತ ಮೊದಲ ಎಡಿಟಲ್ಲಿ ಬಿಸಾಕಿರ್ತೀರಿ, ಎಡಿಟಿಂಗಲ್ಲಿ ಶಾಟ್ ತುಣುಕು ಇಡೋ ಬಿನ್‌ಗಳಲ್ಲಿ ಹುಡುಕಿ. ಇನ್ನೊಂದು, ಅಕ್ಕನ ಕಥೆ ಹುಡುಗನ ಕಥೆಯನ್ನ ನುಂಗೋದು. "ಅಕ್ಕ ಏನಾದಳು?" ಅಂತ ಹತ್ತು ಜನ ಬರೆದರೆ, ಅವಳಿಗೆ ಕೊನೆಯ ಕಾಲು ಗಂಟೆಯೊಳಗೆ ಮಾತಿಲ್ಲದ ಒಂದು ಶಾಟ್ ಆದ್ರೂ ಇರಲೇಬೇಕು.

ಇಂಟರ್ವಲ್ ಕಾರ್ಡ್ ಹಾಕಿಯೇ ತೋರಿಸಿ, ಹತ್ತು ನಿಮಿಷ ಬಿಡಿ. ಮಲ್ಟಿಪ್ಲೆಕ್ಸಾಗಲಿ ಸಿಂಗಲ್ ಸ್ಕ್ರೀನಾಗಲಿ, ನಮ್ಮಲ್ಲಿ ಚಿತ್ರ ಎರಡು ತುಂಡಾಗಿಯೇ ಓಡೋದು. ಮೊದಲ ತುಂಡಿನ ಕೊನೆಯ ಶಾಟಿಗೆ ಜನ ಹೇಗೆ ಏಳ್ತಾರೆ ನೋಡಿ. ಮಾತಾಡ್ತಾ ಎದ್ದರೆ ಒಳ್ಳೇದು. ಮೊಬೈಲ್ ತೆಗೀತಾ ಎದ್ದರೆ ನಿಮ್ಮ ಇಂಟರ್ವಲ್ ಜಾಗ ತಪ್ಪು. ವಾಪಸ್ ಬಂದವರನ್ನ ಎಣಿಸೋದು ಮರೀಬೇಡಿ.

ಸಕ್ಕರೆನಾಡ್ ಕಣ್ಲಾ:

ಮಂಡ್ಯದ ಪ್ರಿವ್ಯೂ ಬಗ್ಗೆ ಒಸಿ ಯೋಳ್ತೀನಿ. ಇಲ್ಲಿ ಜನ ನಗೋದು ಎರಡು ಥರ ಐತೆ. "ಅಯ್ಯೋ ನಮ್ಮಪ್ಪನೂ ಇಂಗೇ ಕಣ್ಲಾ" ಅಂತ ಪಕ್ಕದವನ ತೊಡೆಗೆ ಒಡ್ಕೊಂಡು ನಗೋದು ಒಂದು. ಅದು ಗುರುತು ಇಡಿದ ನಗು, ಒಂದು ಕಡೆ ಸುರುವಾಗಿ ಆಲ್ ತುಂಬ ಅರಡ್ತದೆ, ಮುಂದಿನ ಮಾತೂ ಕೇಳ್ಸಾಕಿಲ್ಲ. ಇನ್ನೊಂದು, ತೆರೆ ಮ್ಯಾಲೆ ಯಾರೋ ನಮ್ ಬಾಷೆ ಕೆಡಿಸಿ ಆಡ್ದಾಗ ಮೂಗಲ್ಲಿ ನಗೋದು. ಅದು ಚಿಕ್ಕದಾಗಿ ಅಲ್ಲಲ್ಲೇ ಸಾಯ್ತದೆ. ಪಕ್ಕದಲ್ಲಿ ಕೂತು ಬರ್ಕೊಳೋರು ಈ ಕಡೆಯೋರೇ ಆಗಿರ್ಬೇಕು, ಇಲ್ದೋದ್ರೆ ಎರಡನ್ನೂ "ನಗು" ಅಂತ ಬರ್ಕೊಂಡು ನಿರ್ದೇಸಕ್ರು ಕುಸಿಯಾಗ್ಬುಡ್ತಾರೆ.

ಬಾಷೆ ಎಲ್ಲಿ ಕೆಡ್ತದೆ ಅಂದ್ರೆ, ಎಲ್ಲಾ ಮಾತಿಗೂ ಕೊನೇಲಿ "ಕಣ್ಲಾ" ಅಂತ ಅಚ್ಚಿ ಬುಡೋದು. "ಲಾ" ಅನ್ನೋದು ಓರಗೆಯೋರಿಗೆ, ಚಿಕ್ಕೋರಿಗೆ. ಮಗ ಅಪ್ಪನಿಗೆ "ಕಣ್ಲಾ" ಅಂದ್ರೆ ಕೆನ್ನೆ ಊದ್ತದೆ, "ಕಣಪ್ಪ" ಅನ್ಬೇಕು, ಅವ್ವನಿಗೆ "ಕಣವ್ವ". ಎಣ್ಮಕ್ಕಳಿಗೆ "ಬಾಮ್ಮಿ", "ಕಣಮ್ಮಿ". "ಹ" ಅನ್ನೋ ಅಕ್ಸರ ಬಿಟ್ಟು ಆಡೋದೂ ಅಷ್ಟೆ. ಆಲು, ಓಗು, ಅಬ್ಬ ಅಂತ ಅಜ್ಜಿ ಬಾಯಲ್ಲಿ ಸರಿ. ಎಸ್ಸೆಸ್ಸೆಲ್ಸಿ ಓದಿದ ಹುಡುಗ ಮೇಷ್ಟ್ರ ಮುಂದೆ "ಹೋಗ್ತೀನಿ ಸಾ" ಅಂತ ಅಚ್ಚುಕಟ್ಟಾಗಿ ಅಂದು, ಮನೆಗೆ ಬಂದ್ಮೇಲೆ "ಓಯ್ತೀನಿ" ಅಂತಾನೆ. ನಿಮ್ ಹುಡುಗ ಮೈಸೂರ್ ಆಸ್ಟೆಲ್ ಸೇರಿದ್ಮೇಲೆ ಮಾತು ಎಲ್ಲಿ ಬದಲಾಯ್ತು, ಊರಿಗೆ ಬಂದಾಗ ಎಷ್ಟೊತ್ತಿಗೆ ವಾಪಸ್ ಬಂತು, ಅದ್ನೇ ಇಲ್ಲಿಯೋರು ಕಿವಿಗೊಟ್ಟು ಕೇಳೋದು. ಮಂಡ್ಯ ಸೀಮೆ ಹಳ್ಳಿಯಲ್ಲೇ ಊರೋರನ್ನೇ ಆಕಿ ತೆಗೆದ "ತಿಥಿ" ಸಿನಿಮಾ ಬಂದ್ಮೇಲಂತೂ ಇಲ್ಲಿ ಕಿವಿ ಒಸಿ ಜಾಸ್ತಿನೇ ಚುರುಕಾಗೈತೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದ ಚಿತ್ರ ಅದು, ನಾಟಕದ ಮಂಡ್ಯ ಬಾಷೆ ಈಗ ನಡ್ಯಾಕಿಲ್ಲ.

ಕಬ್ಬಿನ ಇಚಾರ. ತನಿ ಕಬ್ಬಿಗೆ (ಒಸದಾಗಿ ನೆಟ್ಟ ಕಬ್ಬು) ವರ್ಸ ಬೇಕು. ಒಂದು ದೃಸ್ಯದಲ್ಲಿ ಮೊಣಕಾಲುದ್ದ, ಕತೇಲಿ ಎರಡು ತಿಂಗಳಾದ್ಮೇಲೆ ಸೂಲಂಗಿ (ಕಬ್ಬಿನ ಊವು) ಬಂದಿದ್ರೆ, ಮೂರನೇ ಸಾಲ್ನಿಂದ ಯಾರೋ ಕೂಗ್ತಾರೆ, ಅಲ್ಲಿಂದ ಹತ್ತು ನಿಮಿಸ ಯಾರೂ ಕತೆ ನೋಡಾಕಿಲ್ಲ. ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು (ಸರದಿ ಮ್ಯಾಲೆ ಕೊಡೋ ನೀರು) ಬಿಡೋ ಟೈಮು, ನಾಟಿ ಟೈಮು, ಪರೀಕ್ಸೆ ಟೈಮು ಇವ್ನೆಲ್ಲಾ ಒಂದು ಕ್ಯಾಲೆಂಡರ್ ಮ್ಯಾಲೆ ಬರ್ಕೊಂಡು ಎಡಿಟಿಂಗ್ ಟೇಬಲ್ ಮುಂದೆ ನೇತಾಕ್ಕೊಳಿ. ಪ್ರಸ್ನೆಪತ್ರದಲ್ಲಿ "ನಿಮ್ ಊರಲ್ಲಿ ಇಂಗೆ ಆಗಾಕಿಲ್ಲ ಅನ್ಸಿದ್ದು ಏನಾರ ಐತಾ?" ಅಂತ ಒಂದು ಸಾಲು ಬುಡಿ. ಇದಕ್ಕೆ ಬಂದಷ್ಟು ಉತ್ತರ ಬೇರೆ ಯಾವ್ದಕ್ಕೂ ಬರಾಕಿಲ್ಲ.

ಇನ್ನೊಂದು ಮಕ್ಕಳು ಇಡಿಯೋ ತಪ್ಪು. ಹುಡುಗ ಪಿಯುಸಿ ಫೇಲಾಗಿ ಒಂದು ವರ್ಸ ಓಯ್ತು ಅಂತ ಅಪ್ಪ ಎದೆ ಬಡ್ಕೊಳೋ ದೃಸ್ಯ ಇದ್ರೆ ಒಸಿ ನೋಡ್ಕೊಳಿ. 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ವರ್ಸಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಸೆ ಅವೆ. "ಎಕ್ಸಾಮ್ ಟೂ ಕಟ್ಟಿದ್ರಾಯ್ತು ಬುಡಣ್ಣ" ಅಂತ ಪಿಯು ಸಾಲ್ನಿಂದ ಬರ್ತದೆ, ಆ ದೃಸ್ಯದ ಕಣ್ಣೀರು ಅಲ್ಲೇ ಆವಿ. ಕತೆ ಅದಕ್ಕೂ ಮೊದ್ಲಿಂದಾದ್ರೆ ಇಸವಿ ಎಲ್ಲಾರ ಗೋಡೆ ಕ್ಯಾಲೆಂಡರಲ್ಲಿ ಕಾಣ್ಲಿ.

ಫೇಡರ್ ಏಳು:

ಎಲ್ಲರೂ ಕಥೆ ಬಗ್ಗೆ ಹೇಳಿದ್ದೀರಿ. "ಅರ್ಥ ಆಗಲಿಲ್ಲ" ಅಂತ ಬರೋ ಹಾಳೆಗಳಲ್ಲಿ ಒಳ್ಳೇ ಪಾಲು "ಕೇಳಿಸಲಿಲ್ಲ" ಅನ್ನೋದೇ ಆಗಿರುತ್ತೆ. ಜನ ಅದನ್ನ ತಮ್ಮ ದಡ್ಡತನ ಅಂದ್ಕೊಂಡು ಅರ್ಥ ಆಗಲಿಲ್ಲ ಅಂತ ಬರೀತಾರೆ. ಹಾಳೆಯಲ್ಲಿ ಎರಡನ್ನೂ ಬೇರೆ ಬೇರೆ ಕೇಳಿ.

ಪ್ರಿವ್ಯೂಗೆ ಲ್ಯಾಪ್‌ಟಾಪಿಂದ ಎಚ್‌ಡಿಎಂಐ ಹಾಕಿ ಎಂಪಿ4 ಓಡಿಸೋದಾದ್ರೆ, 5.1 ಮಿಕ್ಸ್ (ಆರು ಚಾನೆಲ್ಲಿನ ಧ್ವನಿ) ಕೊಡ್ಬೇಡಿ. ಮಾತೆಲ್ಲ ನಡುವಿನ ಚಾನೆಲ್ಲಲ್ಲಿ ಇರುತ್ತೆ, ಹಾಲ್‌ನ ಸೌಂಡ್ ಪೆಟ್ಟಿಗೆ ಎಡ ಬಲ ಮಾತ್ರ ತಗೊಂಡರೆ ಅಪ್ಪ ಬಾಯಿ ಆಡಿಸ್ತಾನೆ, ಹಿನ್ನೆಲೆ ಸಂಗೀತ ಮಾತ್ರ ಬರುತ್ತೆ. ಎಡ ಬಲ ಎರಡೇ ಚಾನೆಲ್ಲಿಗೆ ಇಳಿಸಿದ ಒಂದು ಸ್ಟೀರಿಯೋ ಡೌನ್‌ಮಿಕ್ಸ್ ಬೇರೆ ಮಾಡಿ. ಡಿಸಿಪಿ (ಚಿತ್ರಮಂದಿರದ ಪ್ರೊಜೆಕ್ಟರಲ್ಲಿ ಓಡಿಸೋ ಡಿಜಿಟಲ್ ಪ್ರತಿ) ಮಾಡಿಸಿದರೆ ಇನ್ನೂ ಒಳ್ಳೇದು. ಚಿತ್ರದ ಆಕಾರ ಫ್ಲಾಟ್ ಆದ್ರೆ 1998×1080 ಪಿಕ್ಸೆಲ್, ಅದಕ್ಕಿಂತ ಅಗಲದ ಸ್ಕೋಪ್ ಆದ್ರೆ 2048×858. ಎಡಿಟ್ ಸೆಕೆಂಡಿಗೆ 25 ಫ್ರೇಮಲ್ಲಿ ಆಗಿದೆಯಾ ನೋಡ್ಕೊಳ್ಳಿ. ಅದನ್ನ ನಿಧಾನ ಮಾಡಿ 24ಕ್ಕೆ ಇಳಿಸಿದ್ರೆ ನಿಮ್ಮ 136 ನಿಮಿಷ ಸುಮಾರು 141 ನಿಮಿಷ 40 ಸೆಕೆಂಡ್ ಆಗುತ್ತೆ. ಸುಮ್ಮನೆ ಐದೂವರೆ ನಿಮಿಷ ಲ್ಯಾಗು, ಎಡಿಟರ್ ತಪ್ಪಲ್ಲ.

ಚಿತ್ರಮಂದಿರದ ಸೌಂಡ್ ಪ್ರೊಸೆಸರಲ್ಲಿ ಫೇಡರ್ (ಸದ್ದು ಏರಿಸಿ ಇಳಿಸೋ ಗುಂಡಿ) 7ರಲ್ಲಿ ಇರೋದು ಮಾನಕ, 85 ಡೆಸಿಬೆಲ್‌ಗೆ ಹೊಂದಿಸಿದ್ದು. ಮಿಕ್ಸಿಂಗ್ ಸ್ಟುಡಿಯೋದಲ್ಲಿ ಅಲ್ಲೇ ಕೇಳಿ ಒಪ್ಪಿರ್ತೀರಿ. ಹೊಡೆದಾಟದ ಸಿನಿಮಾಗಳ ಗದ್ದಲ ತಡೆಯಲಾರದೆ ಬಹಳ ಕಡೆ 5ಕ್ಕೋ ಅದಕ್ಕೂ ಕೆಳಕ್ಕೋ ಇಳಿಸಿಟ್ಟಿರ್ತಾರೆ. ಅದರಲ್ಲಿ ನಿಮ್ಮ ಪಿಸುಮಾತಿನ ಸಿನಿಮಾ ಹಾಕಿದ್ರೆ ಅಜ್ಜಿ ಗೊಣಗೋದು ಫ್ಯಾನ್ ಸದ್ದಿನಲ್ಲಿ ಮುಳುಗುತ್ತೆ. ಹಿಂದಿನ ದಿನ ಹೋಗಿ, ಖಾಲಿ ಹಾಲಲ್ಲಿ ಕೊನೆಯ ಸಾಲಲ್ಲಿ ಕೂತು, ಅತಿ ಮೆತ್ತಗಿನ ಮಾತು ಕೇಳಿಸೋ ತನಕ ಫೇಡರ್ ಏರಿಸಿ, ಆ ಅಂಕಿ ಬರೆದಿಡಿ. ಜನ ತುಂಬಿದ ಮೇಲೆ ಬಟ್ಟೆ, ಮೈ ಎಲ್ಲ ಸದ್ದು ಹೀರುತ್ತೆ, ಇನ್ನೊಂದು ಅರ್ಧ ಏರಿಸಬೇಕಾಗುತ್ತೆ. ಆಮೇಲೆ ರಿಲೀಸ್ ಮಿಕ್ಸಲ್ಲಿ ಫೇಡರ್ 5ರಲ್ಲೂ ಮಾತು ಕೇಳೋ ಹಾಗೆ ಎತ್ತಿಸಿ. ಮಿಕ್ಸಿಂಗ್ ಎಂಜಿನಿಯರ್‌ಗೆ ಬೇಜಾರಾಗುತ್ತೆ, ಆಗಲಿ.

ಬೆಳಕಿನ ಕಥೆಯೂ ಅದೇ. ಗ್ರೇಡಿಂಗ್ (ಬಣ್ಣ, ಬೆಳಕು ಹೊಂದಿಸೋದು) ಮಾಡೋದು ಪರದೆ ಮೇಲೆ 14 ಫುಟ್‌ಲ್ಯಾಂಬರ್ಟ್ (ಪರದೆ ಬೆಳಕಿನ ಅಳತೆ) ಬೆಳಕು ಇದೆ ಅಂದ್ಕೊಂಡು. ಹಳೇ ಪ್ರೊಜೆಕ್ಟರ್ ಲ್ಯಾಂಪಲ್ಲಿ ಅಷ್ಟು ಬರಲ್ಲ. ಹಾಸ್ಟೆಲಿನ ರಾತ್ರಿ ದೃಶ್ಯದಲ್ಲಿ ಹುಡುಗನ ಕಣ್ಣೀರು ಕಾಣಲ್ಲ, ಜನ "ಆ ಸೀನ್ ಯಾಕಿತ್ತು" ಅಂತಾರೆ.

ನಾಲೆಏರಿ:

ತುಂಬ ಉಪಕಾರ ಎಲ್ಲರಿಗೂ. ಎಡಿಟ್ 25ರಲ್ಲೇ ಇದೆ, ಇವತ್ತೇ ನೋಡಿದ್ದು. ಪರೀಕ್ಷೆ ದೃಶ್ಯಕ್ಕೂ ಏನಾದ್ರೂ ಮಾಡ್ಬೇಕು.

ಒಂದು ಉಳೀತು. ಹಾಳೆಗಳು ಬಂದ ಮೇಲೆ ಅಪ್ಪಂದಿರ ಅಂಕಿ, ಮಕ್ಕಳ ಅಂಕಿ ಬೇರೆ ಬೇರೆ ದಿಕ್ಕಿಗೆ ಹೋದ್ರೆ? ಇನ್ನು ರಿಲೀಸ್ ಆದ ಮೇಲೆ ಪಬ್ಲಿಕ್ ಟಾಕ್ ವಿಡಿಯೋ, ರೇಟಿಂಗು ಇವೆಲ್ಲ ಎಷ್ಟು ನಂಬಬಹುದು?

ಸರಸ್ವತಿಪುರಂ ಮಾರ್ನಿಂಗ್ ಶೋ:

ಬೇರೆ ದಿಕ್ಕಿಗೆ ಹೋಗೇ ಹೋಗುತ್ತೆ ಸರ್, ಹೋಗದಿದ್ದರೆ ಗಾಬರಿ ಆಗಬೇಕು. ಎಲ್ಲ ಸೇರಿಸಿ ಸರಾಸರಿ ತೆಗೆಯೋದೇ ಇಲ್ಲಿ ಆಗೋ ದೊಡ್ಡ ತಪ್ಪು. ಉದಾಹರಣೆಗೆ ಹೇಳೋದಾದ್ರೆ, 20 ಮಕ್ಕಳಲ್ಲಿ 15 ಜನ ಮೇಲಿನ ಎರಡು ಮೆಟ್ಟಿಲು ಹಾಕಿ, 22 ತಂದೆತಾಯಂದಿರಲ್ಲಿ 6 ಜನ ಮಾತ್ರ ಹಾಕಿದ್ರು ಅನ್ನಿ. ಒಟ್ಟು 42ಕ್ಕೆ 21, ಸರಿಯಾಗಿ ಅರ್ಧ. "ಫಿಫ್ಟಿ ಫಿಫ್ಟಿ ಸಿನಿಮಾ" ಅಂತ ತೀರ್ಮಾನಿಸಿಬಿಡ್ತೀರಿ. ನಿಜ ಏನು? ಮಕ್ಕಳ ಸಿನಿಮಾ ಗೆದ್ದಿದೆ, ದೊಡ್ಡವರಿಗೆ ಬಾಗಿಲು ಹಾಕಿದೆ. ಹಾಳೆಗಳನ್ನ ವಯಸ್ಸಿನ ಪ್ರಕಾರ ನಾಲ್ಕು ಕಂತೆ ಮಾಡಿ, ಮೇಜಿನ ಮೇಲೆ ಬೇರೆ ಬೇರೆ ಇಟ್ಟೇ ಓದಿ. ತಂದೆಯರನ್ನೂ ತಾಯಂದಿರನ್ನೂ ಬೇರೆ ಮಾಡಿದ್ರೆ ಇನ್ನೂ ಬಿಡಿಸಿಕೊಳ್ಳುತ್ತೆ. ಅಪ್ಪ ಹೊಡೆಯೋ ದೃಶ್ಯಕ್ಕೆ ತಂದೆಯರು "ಜಾಸ್ತಿ ಆಯ್ತು" ಅಂತ ಗೀಟು ಹಾಕಿ, ತಾಯಂದಿರು "ನಿಜ" ಅಂತ ಬರೆದಿದ್ರೆ ಅದನ್ನ ಮುಟ್ಟಬೇಡಿ.

ಯಾರ ಮಾತು ಅನ್ನೋದಕ್ಕೆ, ಚಿತ್ರಮಂದಿರಕ್ಕೆ ಮನೆಮಂದಿಯನ್ನ ಕರ್ಕೊಂಡು ಬರೋರು ಯಾರು ಅಂತ ಯೋಚಿಸಿ. ನಾಲ್ಕು ಟಿಕೆಟ್ ತೀರ್ಮಾನ ಬಹಳ ಮನೆಗಳಲ್ಲಿ ತಾಯಿದು. ಹಾಗಂತ ಅವರು ಹೇಳಿದ್ದಕ್ಕೆಲ್ಲ ಕತ್ತರಿ ಹಾಕೋದಲ್ಲ. ಒಂದೇ ದೃಶ್ಯವನ್ನ ನಾಲ್ಕೂ ಕಂತೆಗಳಲ್ಲಿ ಗೀಟು ಹಾಕಿದ್ದರೆ ಅದು ಸಿನಿಮಾದ ತೊಂದರೆ, ತಿದ್ದಲೇಬೇಕು. ಒಂದೇ ಕಂತೆಯಲ್ಲಿ ಗೀಟು ಬಿದ್ದಿದ್ದರೆ ಅದು ದೃಷ್ಟಿಕೋನದ ತೊಂದರೆ, ಆ ಗುಂಪಿನ ಪಾತ್ರಕ್ಕೆ ಬೇರೆಲ್ಲೋ ಒಂದು ಶಾಟ್ ಕೊಟ್ಟರೆ ಸರಿಹೋಗಬಹುದು. ಮೂರು ನಾಲ್ಕು ಜನರ ಗೀಟಾದ್ರೆ ಬಿಡಿ.

ಎಂಟನೇ ಸಾಲಿನವರು ಆಮೇಲಿನ ಚರ್ಚೆ ಬಗ್ಗೆ ಹೇಳಲೇ ಇಲ್ಲ. ಹಾಳೆ ವಾಪಸ್ ತಗೊಂಡ ಮೇಲೆ ಹನ್ನೆರಡು ಜನರನ್ನ ಇಪ್ಪತ್ತು ನಿಮಿಷ ಕೂರಿಸೋದು ಒಳ್ಳೇದು, ಆದರೆ ನಡೆಸೋರು ತಂಡದವರಾಗಿರಬಾರದು. ಮೊದಲು ಬಾಯಿ ಬಿಟ್ಟವರ ಹಿಂದೆ ಎಲ್ಲರೂ ಹೋಗ್ತಾರೆ. ಮೈಸೂರಲ್ಲಿ ಇದು ಜಾಸ್ತಿ. ಒಬ್ಬ ಮೇಷ್ಟ್ರು ಎದ್ದು ಹತ್ತು ನಿಮಿಷ ವಿಶ್ವ ಸಿನಿಮಾ ಬಗ್ಗೆ ಮಾತಾಡಿದ್ರೆ, ಹಿಂದಿನ ಸಾಲಿನ ಹುಡುಗಿ ಮತ್ತೆ ಬಾಯಿ ತೆರೆಯಲ್ಲ. ಅದಕ್ಕೆ ಮೊದಲು ಕೈ ಎತ್ತಿಸಿ, "ಹುಡುಗ ಮಾಡಿದ್ದು ಸರಿ ಅನ್ನೋರು?" ಅಂತ. ಆಮೇಲೆ ಕೈ ಎತ್ತಿದವರಲ್ಲಿ ಚಿಕ್ಕವರಿಂದ ಶುರು ಮಾಡಿ ಯಾಕೆ ಅಂತ ಕೇಳಿ.

ಸಿಗರೇಟಿನ ದೃಶ್ಯ ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇದ್ದರೆ ತಂಬಾಕು ಎಚ್ಚರಿಕೆ ಹಾಕಿಯೇ ಪ್ರಿವ್ಯೂ ಮಾಡಿ. ಶುರುವಿನಲ್ಲೂ ಇಂಟರ್ವಲ್ ಆದಮೇಲೂ 30 ಸೆಕೆಂಡ್ ಆರೋಗ್ಯ ಚಿತ್ರ, 20 ಸೆಕೆಂಡ್ ಪ್ರಕಟಣೆ, ಜೊತೆಗೆ ದೃಶ್ಯ ನಡೆಯುವಾಗ ಕೆಳಗೆ ಎಚ್ಚರಿಕೆಯ ಸಾಲು. ಹುಡುಗ ಮೊದಲ ದಮ್ಮು ಎಳೆಯೋ ನಾಜೂಕಾದ ಕ್ಷಣದಲ್ಲಿ ಆ ಬಿಳೀ ಅಕ್ಷರ ಬಂದು ಹಾಲ್ ನಕ್ಕರೆ, ದೃಶ್ಯ ಬೇಕಾ ಅಂತ ಈಗಲೇ ಯೋಚಿಸಬಹುದು. ಪ್ರಮಾಣಪತ್ರಕ್ಕೂ ಇದು ತಾಗುತ್ತೆ. 2024ರ ಕೊನೆಯಿಂದ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅನ್ನೋ ಪ್ರಮಾಣಪತ್ರ) ಅನ್ನೋದು 7+, 13+, 16+ ಅಂತ ಮೂರಾಗಿದೆ. ಪೋಸ್ಟರಲ್ಲಿ 16+ ಕಂಡರೆ ತಾಯಂದಿರು "ಇದರಲ್ಲಿ ಏನೋ ಇದೆ" ಅಂತ ಹಿಂದೆ ಸರೀತಾರೆ. ಅವರ ಹಾಳೆಯಲ್ಲಿ "ಎಷ್ಟು ವಯಸ್ಸಿನ ಮಕ್ಕಳ ಜೊತೆ ಕೂತು ನೋಡಬಹುದು?" ಅಂತ ಕೇಳಿಟ್ಟುಕೊಂಡರೆ ಮಂಡಳಿಗೆ ಹೋಗೋ ಮೊದಲೇ ಎಲ್ಲಿ ಮುಜುಗರ ಅಂತ ಗೊತ್ತಿರುತ್ತೆ.

ಪಬ್ಲಿಕ್ ಟಾಕ್ ಬಗ್ಗೆ: ಚಿತ್ರಮಂದಿರದ ಬಾಗಿಲಲ್ಲಿ ಮೈಕ್ ಹಿಡಿದರೆ "ಸೂಪರ್ ಸಾರ್, ಫ್ಯಾಮಿಲಿ ಸಮೇತ ಬಂದು ನೋಡಿ" ಅಂತಲೇ ಎಲ್ಲರೂ ಹೇಳೋದು. ಮಾತು ಬಿಟ್ಟು ಕಣ್ಣು ನೋಡಿ. ನಿಜವಾಗಿ ತಾಗಿದವರು ಒಂದು ದೃಶ್ಯದ ಹೆಸರು ಹೇಳ್ತಾರೆ, ತಾಗದವರು "ಆ್ಯಕ್ಟಿಂಗು, ಮ್ಯೂಸಿಕ್ಕು, ಎಲ್ಲಾ ಚೆನ್ನಾಗಿದೆ" ಅಂತ ಪಟ್ಟಿ ಓದ್ತಾರೆ. ಬುಕ್‌ಮೈಶೋದ ಮೊದಲ ದಿನದ ಅಂಕಿಯಲ್ಲಿ ತಂಡದವರದ್ದೂ ಸೇರಿರಬಹುದು. ಅಂಕಿ ಬಿಟ್ಟು, ನಡುವಿನ ಅಂಕ ಕೊಟ್ಟವರು ಏನು ಬರೆದಿದ್ದಾರೆ ಅಂತ ಓದಿ. ಹತ್ತಕ್ಕೆ ಹತ್ತು, ಹತ್ತಕ್ಕೆ ಒಂದು ಕೊಟ್ಟವರ ಬರಹದಲ್ಲಿ ಕೆಲಸಕ್ಕೆ ಬರೋದು ಕಡಿಮೆ. ಐಎಂಡಿಬಿ ಅನ್ನೋ ಸಿನಿಮಾ ರೇಟಿಂಗ್ ವೆಬ್‌ಸೈಟ್ ತೋರಿಸೋದು ಸುಮ್ಮನೆ ಸರಾಸರಿ ಅಲ್ಲ, ಅವರದ್ದೇ ತೂಕದ ಲೆಕ್ಕ, ಹಾಗಾಗಿ ಐವತ್ತು ಗೆಳೆಯರ ಕೈಲಿ ಹತ್ತು ಹಾಕಿಸೋದರಿಂದ ದೊಡ್ಡ ಲಾಭ ಇಲ್ಲ.

ಸಂಸಾರದ ಚಿತ್ರಕ್ಕೆ ನೋಡಬೇಕಾದ ಅಂಕಿ ಬೇರೆ. ಮೊದಲ ಭಾನುವಾರದ ಸಂಜೆ ಆಟದಲ್ಲಿ ಎಷ್ಟು ಸೀಟು, ಅದರ ಮಾರನೇ ಸೋಮವಾರ ಅದೇ ಹೊತ್ತಿನ ಆಟದಲ್ಲಿ ಎಷ್ಟು ಸೀಟು. ಜೊತೆಗೆ ಒಂದೊಂದು ಬುಕಿಂಗಲ್ಲಿ ಎಷ್ಟು ಟಿಕೆಟ್. ಎರಡೆರಡು ಟಿಕೆಟ್ ಹೋಗ್ತಿದ್ದದ್ದು ನಾಲ್ಕು ಐದಕ್ಕೆ ತಿರುಗಿದರೆ, ನೋಡಿದವರು ಮನೆಗೆ ಹೋಗಿ ಹೇಳಿ, ಮನೆಯವರು ಹೊರಟಿದ್ದಾರೆ ಅಂತ. ಚಿತ್ರಮಂದಿರದವರನ್ನ ಕೇಳಿದ್ರೆ ಇದನ್ನ ಹೇಳ್ತಾರೆ. ಶುಕ್ರವಾರ ಬೆಳಗ್ಗೆ ಆಟಕ್ಕೆ ಜನ ಇಲ್ಲ ಅಂತ ಅವತ್ತೇ ಎದೆ ಒಡ್ಕೋಬೇಡಿ, ಅಪ್ಪ ಅಮ್ಮ ಮಕ್ಕಳು ಎಲ್ಲರಿಗೂ ಒಟ್ಟಿಗೆ ಬಿಡುವಿರೋದು ಭಾನುವಾರ. ತೊಂದರೆ ಏನಂದ್ರೆ, ಅಷ್ಟರಲ್ಲಿ ಆಟಗಳನ್ನ ಬೆಳಗ್ಗೆ 9ಕ್ಕೋ ರಾತ್ರಿ 10ಕ್ಕೋ ತಳ್ಳಿಬಿಟ್ಟಿರ್ತಾರೆ. ರಿಲೀಸ್ ಒಪ್ಪಂದದ ಮಾತುಕತೆಯಲ್ಲೇ ಒಂದೊಂದು ಊರಿಗೂ ಸಂಜೆಯ ಒಂದೇ ಆಟ ಆದ್ರೂ ಭಾನುವಾರ ಮುಗಿಯೋವರೆಗೆ ಕದಲಿಸಬಾರದು ಅಂತ ಕೇಳಿ.

ಬಾಲ್ಕನಿ ಎಂಟನೇ ಸಾಲು:

ಚರ್ಚೆ ವಿಷಯ ಮೇಡಂ ಹೇಳಿದ್ದು ಸರಿ, ಬಿಟ್ಟುಹೋಗಿತ್ತು. ಒಂದು ಭಿನ್ನಾಭಿಪ್ರಾಯ: ಮಂಡ್ಯದಲ್ಲಿ ಕೈ ಎತ್ತಿಸಬೇಡಿ, ಅಪ್ಪನ ಎದುರು ಮಕ್ಕಳು ಎತ್ತಲ್ಲ. ಚೀಟಿ ಹಾಕಿಸಿ.

ಪೆನ್ನು 70 ಜನಕ್ಕೆ 90 ತನ್ನಿ. ಇಪ್ಪತ್ತು ಬರೆಯಲ್ಲ, ಇಪ್ಪತ್ತು ಜೇಬಿಗೆ ಹೋಗುತ್ತೆ. ಹಾಳೆ ಕೆಳಗೆ ಇಟ್ಕೊಳ್ಳೋಕೆ ಗಟ್ಟಿ ರಟ್ಟು ಬೇಕು, ಇಲ್ಲದಿದ್ರೆ ತೊಡೆ ಮೇಲೆ ಇಟ್ಟು ಬರೆದು ತೂತು ಬಿದ್ದ ಹಾಳೆ ವಾಪಸ್ ಬರುತ್ತೆ.

ಸಕ್ಕರೆನಾಡ್ ಕಣ್ಲಾ:

ಮಂಡ್ಯದ ಪ್ರಿವ್ಯೂಗೆ ಇಂಟರ್ವಲಲ್ಲಿ ಏನಾರ ತಿನ್ನಾಕೆ ಕೊಡೋದಾದ್ರೆ ಮದ್ದೂರು ವಡೆ ಬ್ಯಾಡ. ಸೆಕೆಂಡ್ ಆಫ್ ಸುರುವಿನ ಹತ್ತು ನಿಮಿಸ ರೆಕಾರ್ಡರಲ್ಲಿ ಕರುಂ ಕುರುಂ ಬುಟ್ಟು ಬೇರೇನೂ ಕೇಳ್ಸಾಕಿಲ್ಲ.